ಮನಸಿಜನ ನೆಲೆ: ಹಂಪೆಯ ಒಂದು ಐತಿಹ್ಯವೂ ಪುರುಷಕಾಮದಲ್ಲಿ ಮಿದುಳಿನ ಪಾತ್ರವೂ

ಹಂಪೆಯ ವಿರೂಪಾಕ್ಷ ದೇವಾಲಯದ ಉತ್ತರಕ್ಕಿರುವ ಪುಷ್ಕರಿಣಿಗೆ ಮನ್ಮಥಹೊಂಡವೆಂದು ಹೆಸರು. ತಪಸ್ಸಿಗೆ ಭಂಗ ತಂದ ಕಾಮನನ್ನು ಶಿವನು ದಹಿಸಿದುದು ಸಮೀಪದ ಹೇಮಕೂಟದಲ್ಲಿಯೇ ಎಂಬುದು ಸ್ಥಳದ ಐತಿಹ್ಯ. ದೇಹವಳಿದ ಕಾಮನು ಅನಂಗನೆನಿಸಿದನು. ಮನಸ್ಸಿನಲ್ಲಿ ಹುಟ್ಟುವವನಾದುದರಿಂದ ಮನಸಿಜ, ಮನೋಭವ ಎಂಬ ಹೆಸರುಗಳೂ ಅವನಿಗುಂಟು. ಇತಿಹಾಸದ ಅಧ್ಯಾಪಕರಾದ ನಮಗೆ ಶರೀರಶಾಸ್ತ್ರದಲ್ಲಿ ಅಧಿಕಾರವಿಲ್ಲ. ಆದರೂ ಈ ಹೆಸರುಗಳು ಸೂಚಿಸುವ ಮಾತನ್ನು ಇಂದಿನ ವೈದ್ಯವಿಜ್ಞಾನವು ಬಹುಮಟ್ಟಿಗೆ ಸಮರ್ಥಿಸುತ್ತಿರುವಾಗ, ಅದು ನಮ್ಮ ಜನರನ್ನು ಸಾಕಷ್ಟು ತಲುಪಿಲ್ಲವೆಂದು ತೋರಿದುದರಿಂದ ಇದನ್ನು ಬರೆಯುತ್ತಿದ್ದೇವೆ.

ಕಾಮೇಚ್ಛೆಯೂ ಉತ್ಥಾನವೂ, ಅಂದರೆ ಶಿಶ್ನದ ನಿಮಿರುವಿಕೆಯೂ, ಒಂದೇ ಅಲ್ಲ. ಇಚ್ಛೆಯ ನೆಲೆ ಮಿದುಳು. ಕಂಡುದು, ಕೇಳಿದುದು, ನೆನೆದುದು ಅಲ್ಲಿ ಕೂಡಿ, ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಪುಟ್ಟ ಭಾಗವನ್ನು ಎಚ್ಚರಿಸುತ್ತವೆ. ಡೋಪಮಿನ್ ಎಂಬ ದ್ರವ್ಯವು ಪ್ರೇರಕ. ವೃಷಣಗಳಿಂದ ಬರುವ ಟೆಸ್ಟೊಸ್ಟಿರೋನ್ ಪೋಷಕ. ಅಲ್ಲಿಂದ ಹೊರಟ ಸಂದೇಶವು ಬೆನ್ನುಹುರಿಯ ಕೆಳಭಾಗಕ್ಕಿಳಿದು ನರಗಳ ಮೂಲಕ ಅಂಗವನ್ನು ಸೇರಿದಾಗ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವು ಬಿಡುಗಡೆಯಾಗುತ್ತದೆ. ಸ್ನಾಯುಗಳು ಸಡಿಲಗೊಂಡು ರಕ್ತವು ತುಂಬುತ್ತದೆ. ರಕ್ತನಾಳಗಳಿಗೆ ಈ ಅನಿಲವೇ ಸಂದೇಶವಾಹಕವೆಂಬ ಸಂಶೋಧನೆಗೆ 1998ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಇಲ್ಲಿ ಆಗಬೇಕಾದುದು ಸ್ನಾಯುಗಳ ಸಡಿಲಿಕೆಯೇ ಹೊರತು ಬಿಗಿತವಲ್ಲ. ಹಟದಿಂದ ಸಾಧಿಸಹೊರಟವನು ಸೋಲುವುದಕ್ಕೆ ಇದೇ ಕಾರಣ.

ಪ್ರೇರಿಸುವ ಮಿದುಳು ತಡೆಯಲೂ ಬಲ್ಲದು. ಭಯವುಂಟಾದಾಗ ಅಡ್ರಿನಲಿನ್ ಮೊದಲಾದ ರಸಗಳು ಅದೇ ಸ್ನಾಯುಗಳನ್ನು ಬಿಗಿಯುತ್ತವೆ. ಹುಲಿಯಿಂದ ತಪ್ಪಿಸಿಕೊಳ್ಳಬೇಕಾದ ಪ್ರಾಣಿಗೆ ಇದು ಉಪಕಾರವೇ. ಆದರೆ ತೆಳುಗೋಡೆಯಾಚೆ ಹಿರಿಯರು ಮಲಗಿರುವ ಮನೆಯಲ್ಲಿ ನವವಿವಾಹಿತನಿಗೆ ಇದೇ ಕಂಟಕ. ಒಂದು ರಾತ್ರಿ ಸೋತವನು ಮರುರಾತ್ರಿ ತನ್ನನ್ನು ತಾನೇ ಪರೀಕ್ಷಿಸತೊಡಗುತ್ತಾನೆ. ಆ ಪರೀಕ್ಷೆಯ ಭಯವೇ ಮತ್ತೊಂದು ಸೋಲನ್ನು ತರುತ್ತದೆ. ಸೊಂಡೂರಿನ ಗಣಿಯಲ್ಲಿ ರಾತ್ರಿಪಾಳಿ ಮಾಡುವವನ ನಿದ್ರೆಗೇಡಾಗಲಿ, ಹೊಸಪೇಟೆಯ ವರ್ತಕನ ಸಾಲದ ಚಿಂತೆಯಾಗಲಿ ಇಚ್ಛೆಯನ್ನೇ ಕುಗ್ಗಿಸಬಹುದು.

ಇಂತಹವನ ಕಣ್ಣಿಗೆ ಬೀಳುವುದು ಗೋಡೆಯ ಮೇಲಿನ ‘ನರದೌರ್ಬಲ್ಯ’ದ ಜಾಹೀರಾತು. ಧಾತು ಸೋರಿ ಶಕ್ತಿ ಕುಂದಿತೆಂದು ಅಲ್ಲಿ ಹೇಳುತ್ತಾರೆ, ಅವನೂ ನಂಬುತ್ತಾನೆ. ಈ ಭೀತಿಯಿಂದಲೇ ಬಳಲುವವರ ಸ್ಥಿತಿಯನ್ನು ಮನೋವೈದ್ಯ ಎನ್. ಎನ್. ವಿಗ್ ಅವರು 1960ರಲ್ಲಿ ‘ಧಾತ್’ ಎಂಬ ಹೆಸರಿನಿಂದಲೇ ಗುರುತಿಸಿದರು. ಸ್ವಪ್ನಸ್ಖಲನದಿಂದ ಪುರುಷತ್ವವು ನಾಶವಾಗುವುದಿಲ್ಲ. ಸುಮಾರು 1327ರಲ್ಲಿ ದೆಹಲಿಯ ಸೈನ್ಯಕ್ಕೆ ವಶವಾದ ಕಂಪ್ಲಿಯ ರಾಜಪುತ್ರ ಕುಮಾರರಾಮನು ಮಲತಾಯಿ ರತ್ನಾಜಿಯ ಬಯಕೆಯನ್ನು ನಿರಾಕರಿಸಿ ಪರನಾರೀಸಹೋದರನೆನಿಸಿದ ಕಥೆಯನ್ನೂ ವೀರ್ಯಸಂಗ್ರಹದ ಬೋಧೆಗೆ ಬಳಸುವುದುಂಟು. ಆ ಕಥೆಯ ಹಿರಿಮೆ ವಿವೇಕದ್ದೆಂದೇ ನಮ್ಮ ಅಭಿಪ್ರಾಯ. ವಿಜಯನಗರದ ಆಸ್ಥಾನಕ್ಕಂತೂ ಕಾಮಶಾಸ್ತ್ರವು ನಾಚಿಕೆಯ ವಿಷಯವಾಗಿರಲಿಲ್ಲ: ‘ರತಿರತ್ನಪ್ರದೀಪಿಕೆ’ ಎಂಬ ಸಂಸ್ಕೃತ ಗ್ರಂಥವು ಪ್ರೌಢದೇವರಾಯನದೇ ಎಂದು ಪ್ರಸಿದ್ಧವಾಗಿದೆ.

ಹಾಗೆಂದು ದೋಷವೆಲ್ಲ ಮನಸ್ಸಿನದೆಂದು ತಿಳಿಯುವುದೂ ತಪ್ಪು. ನಿದ್ರೆಯಲ್ಲಿಯೂ ಬೆಳಗಿನ ಜಾವದಲ್ಲಿಯೂ ಉತ್ಥಾನವು ತಾನಾಗಿ ಆಗುತ್ತಿದ್ದರೆ ನರ, ರಕ್ತನಾಳಗಳು ಬಹುಶಃ ಕ್ಷೇಮ. ಅದೂ ನಿಂತಿದ್ದರೆ ಸಿಹಿಮೂತ್ರರೋಗ, ರಕ್ತದೊತ್ತಡ, ಹೊಗೆಸೊಪ್ಪುಗಳನ್ನು ಶಂಕಿಸಬೇಕು. ಶಿಶ್ನದ ರಕ್ತನಾಳಗಳು ಹೃದಯದವುಗಳಿಗಿಂತ ಸಪುರವಾದುದರಿಂದ, ಹೃದ್ರೋಗದ ಮುನ್ಸೂಚನೆ ಕೆಲವೊಮ್ಮೆ ಇಲ್ಲಿಯೇ ಮೊದಲು ಕಾಣಿಸುತ್ತದೆ. ನಾಚಿ ಮುಚ್ಚಿಟ್ಟವನು ಆ ಸೂಚನೆಯನ್ನೇ ಕಳೆದುಕೊಳ್ಳುತ್ತಾನೆ.

1998ರಲ್ಲಿ ಬಳಕೆಗೆ ಬಂದ ಸಿಲ್ಡೆನಾಫಿಲ್ ಮಾತ್ರೆಯು ರಕ್ತನಾಳಗಳನ್ನು ಸಡಿಲಿಸುತ್ತದೆಯೇ ಹೊರತು ಇಚ್ಛೆಯನ್ನು ಹುಟ್ಟಿಸುವುದಿಲ್ಲ. ಎದೆನೋವಿಗೆ ನೈಟ್ರೇಟ್ ಔಷಧ ಸೇವಿಸುವವರು ಇದನ್ನು ತೆಗೆದುಕೊಂಡರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ. ಗಿಡಮೂಲಿಕೆಯೆಂದು ಮಾರುವ ಪುಡಿಗಳಲ್ಲಿ ಇದನ್ನೇ ಗುಟ್ಟಾಗಿ ಬೆರೆಸಿದ ನಿದರ್ಶನಗಳು ಅನೇಕ ದೇಶಗಳಲ್ಲಿ ಸಿಕ್ಕಿವೆ. ಕೊಂಡವನಿಗೆ ತಾನು ನುಂಗಿದುದು ಏನೆಂಬುದೇ ತಿಳಿದಿರುವುದಿಲ್ಲ.