ಗೋಧಿಯನ್ನು ಒಲ್ಲದ ಕರುಳು

ಎರಡು ವರ್ಷದ ಮಗು. ಹೊಟ್ಟೆ ಉಬ್ಬಿದೆ, ಕೈಕಾಲುಗಳು ಬಡಕಲು, ಮಲ ಬಿಳಿಚಿಕೊಂಡು ದುರ್ವಾಸನೆಯಿಂದ ಕೂಡಿದೆ. ಉಂಡದ್ದು ಮೈಗೆ ಹತ್ತದು. ಲಂಡನ್ನಿನ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯನು 1888ರಲ್ಲಿ ಇಂತಹ ಮಕ್ಕಳನ್ನು ವರ್ಣಿಸಿ, ಇವರಿಗೆ ಗುಣವಾಗುವುದಾದರೆ ಆಹಾರದ ಪಥ್ಯದಿಂದಲೇ ಆಗಬೇಕೆಂದು ಬರೆದನು. ಆದರೆ ತೆಳ್ಳಗೆ ಕೊಯ್ದು ಚೆನ್ನಾಗಿ ಕಾಯಿಸಿದ ಬ್ರೆಡ್ಡನ್ನು ಕೊಡಬಹುದೆಂದೂ ಆತನೇ ಹೇಳಿದನು! ಶತ್ರುವು ಆ ಬ್ರೆಡ್ಡಿನಲ್ಲಿಯೇ ಅಡಗಿದ್ದಿತು.

ಅದನ್ನು ಹಿಡಿದುಕೊಟ್ಟವನು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. ಗೋಧಿಯ ಮೇಲೆ ಆತನಿಗೆ ಮೊದಲೇ ಸಂಶಯವಿದ್ದಿತು. 1944-45ರ ಚಳಿಗಾಲದಲ್ಲಿ, ಯುದ್ಧದ ದೆಸೆಯಿಂದ ಆ ದೇಶಕ್ಕೆ ಘೋರ ಕ್ಷಾಮ ಬಂದು ಜನರು ಟ್ಯುಲಿಪ್ ಗಡ್ಡೆಗಳನ್ನು ತಿಂದು ಬದುಕಿದರು. ಬ್ರೆಡ್ಡಿಲ್ಲದ ಆ ದಿನಗಳಲ್ಲಿ ಈ ರೋಗದ ಮಕ್ಕಳು ಚೇತರಿಸಿಕೊಂಡು, ಬ್ರೆಡ್ಡು ಮರಳಿದ ಮೇಲೆ ಮತ್ತೆ ಸೊರಗಿದುದು ಸಂಶಯವನ್ನು ಬಲಪಡಿಸಿತು. ಆದರೂ ಡಿಕ್ಕೆ ಅಷ್ಟಕ್ಕೇ ತೃಪ್ತನಾಗಲಿಲ್ಲ. ಮಕ್ಕಳಿಗೆ ಗೋಧಿಯನ್ನು ಕೊಟ್ಟೂ ಬಿಟ್ಟೂ ನೋಡಿ, ಮಲದಲ್ಲಿ ಹೊರಬೀಳುವ ಕೊಬ್ಬನ್ನು ರಸಾಯನಶಾಸ್ತ್ರಜ್ಞ ವಾನ್ ಡೆ ಕಾಮರ್‌ನ ನೆರವಿನಿಂದ ಅಳೆದು, 1950ರಲ್ಲಿ ತನ್ನ ಪ್ರಬಂಧವನ್ನು ಯುಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದನು.

ಗೋಧಿಹಿಟ್ಟಿನ ಕಣಕಕ್ಕೆ ಜಿಗುಟನ್ನು ಕೊಡುವ ಗ್ಲೂಟೆನ್ ಎಂಬ ಪ್ರೋಟೀನೇ ಇಲ್ಲಿಯ ಅಪರಾಧಿ. ಬಾರ್ಲಿ, ರೈ ಧಾನ್ಯಗಳಲ್ಲಿಯೂ ಅದರ ಬಂಧುಗಳುಂಟು. ನಮ್ಮ ಸಣ್ಣ ಕರುಳಿನ ಒಳಮೈ ಮಖಮಲ್ಲಿನಂತೆ. ಅಸಂಖ್ಯ ಸೂಕ್ಷ್ಮ ಎಳೆಗಳು ಅಲ್ಲಿ ಆಹಾರಸಾರವನ್ನು ಹೀರುತ್ತವೆ. ಸೀಲಿಯಾಕ್ ರೋಗದಲ್ಲಿ ಗ್ಲೂಟೆನ್ನಿನಿಂದ ಕೆರಳಿದ ದೇಹದ ರಕ್ಷಣಾ ವ್ಯವಸ್ಥೆಯು ಸ್ವಂತ ಕರುಳನ್ನೇ ಘಾಸಿಗೊಳಿಸುತ್ತದೆ. ಮಖಮಲ್ಲು ಸವೆದು ಬೋಳಾಗುತ್ತದೆ.

ರೋಗವನ್ನು ಗುರುತಿಸುವುದೇ ಕಷ್ಟ. ಹೊಟ್ಟೆ ಉಬ್ಬದೆ, ಭೇದಿಯಿಲ್ಲದೆ, ಕೇವಲ ಕುಳ್ಳಾಗಿಯೋ ಕಬ್ಬಿಣದ ಔಷಧಕ್ಕೆ ಬಗ್ಗದ ರಕ್ತಹೀನತೆಯಿಂದಲೋ ಇರುವ ಮಕ್ಕಳೂ ಉಂಟು. 1956ರಲ್ಲಿ ಮಾರ್ಗೊ ಶೈನರ್ ಎಂಬ ವೈದ್ಯೆಯು ಬಾಯಿಯ ಮೂಲಕ ನಳಿಕೆಯಿಳಿಸಿ ಕರುಳಿನ ಚೂರನ್ನು ತೆಗೆಯುವ ಉಪಾಯವನ್ನು ತೋರಿಸಿದಳು. ಈಗ ಮೊದಲು ನಡೆಯುವುದು ರಕ್ತಪರೀಕ್ಷೆ: ಟ್ರಾನ್ಸ್‌ಗ್ಲುಟಾಮಿನೇಸ್ ಎಂಬ, ನಮ್ಮದೇ ದೇಹದ ಕಿಣ್ವದ ವಿರುದ್ಧ ಹುಟ್ಟಿದ ಪ್ರತಿಕಾಯಗಳನ್ನು ಅದರಲ್ಲಿ ಅಳೆಯುತ್ತಾರೆ. ಪ್ರಮಾಣವು ಮಿತಿಯ ಹತ್ತು ಪಟ್ಟಿಗೆ ಮುಟ್ಟಿದ್ದು, ಇನ್ನೊಂದು ರಕ್ತದ ಮಾದರಿಯ ಬೇರೊಂದು ಪರೀಕ್ಷೆಯೂ ಅದನ್ನು ಸಮರ್ಥಿಸಿದರೆ, ಮಕ್ಕಳಲ್ಲಿ ಕರುಳಿನ ಚೂರನ್ನು ತೆಗೆಯದೆಯೇ ನಿರ್ಣಯಿಸಬಹುದೆಂದು ಯುರೋಪಿನ ತಜ್ಞರು 2020ರ ಸೂತ್ರಗಳಲ್ಲಿ ಹೇಳಿದ್ದಾರೆ.

ಇಲ್ಲಿಯೇ ಒಂದು ವಿಚಿತ್ರವಾದ ತೊಡಕು. ಸಂಶಯ ಬಂದೊಡನೆ ತಾಯಿಯು ಗೋಧಿಯನ್ನು ನಿಲ್ಲಿಸಿಬಿಡುತ್ತಾಳೆ, ಅದು ಸಹಜವೇ. ಮಗು ಚೇತರಿಸಿಕೊಳ್ಳುತ್ತದೆ, ಜೊತೆಗೆ ಸಾಕ್ಷ್ಯವೂ ಅಳಿಸಿಹೋಗುತ್ತದೆ. ಪ್ರತಿಕಾಯಗಳು ಇಳಿಯುತ್ತವೆ, ಮಖಮಲ್ಲು ಚಿಗುರುತ್ತದೆ, ವೈದ್ಯರಿಗೆ ಆರೋಗ್ಯವಂತ ಕರುಳು ಕಾಣುತ್ತದೆ. ಮತ್ತೆ ಪರೀಕ್ಷಿಸಬೇಕಾದರೆ ವಾರಗಟ್ಟಲೆ ಗೋಧಿಯನ್ನು ತಿನ್ನಿಸಿ ಮಗುವನ್ನು ಪುನಃ ಕಾಯಿಲೆಗೆ ಒಡ್ಡಬೇಕು. ಪಥ್ಯವಾದರೋ ಆಜೀವ ಪರ್ಯಂತ. ಊಹೆಯ ಮೇಲೆ ಅದನ್ನು ಹೇರುವುದು ಸಲ್ಲದು. ಆದುದರಿಂದ ಪರೀಕ್ಷೆ ಮುಗಿಯುವವರೆಗೆ ಗೋಧಿಯ ಊಟವೇ ನಡೆಯತಕ್ಕದ್ದು.

ಗೋಧಿಯೇ ಮುಖ್ಯಾಹಾರವಾದ ಉತ್ತರ ಭಾರತದಲ್ಲಿ ಈ ರೋಗ ಹೆಚ್ಚು, ದಕ್ಷಿಣದಲ್ಲಿ ವಿರಳ. ವಿರಳವೆಂದೇ ಇಲ್ಲಿ ಅದು ಬೇಗನೆ ನೆನಪಿಗೆ ಬಾರದೆಂದು ನನಗೆ ತೋರುತ್ತದೆ. ಪಥ್ಯಕ್ಕೆ ಮಾತ್ರ ನಮ್ಮ ನಾಡು ಅನುಕೂಲವಾದುದು: ಅಕ್ಕಿ, ರಾಗಿ, ಜೋಳಗಳಲ್ಲಿ ಗ್ಲೂಟೆನ್ ಇಲ್ಲ; ಗೋಧಿಹಿಟ್ಟಿನೊಡನೆ ಒಂದೇ ಗಿರಣಿಯಲ್ಲಿ ಬೀಸಿಸದಿದ್ದರಾಯಿತು. ಚಪಾತಿಯನ್ನು ಬಿಟ್ಟವರು ಉಪ್ಪಿಟ್ಟಿನ ರವೆಯೂ ಗೋಧಿಯದೆಂಬುದನ್ನು ಮರೆಯುತ್ತಾರೆ. ಸಾರಿನ ಒಗ್ಗರಣೆಗೆ ಹಾಕುವ ಇಂಗಿನಲ್ಲಿ ಸಹ ಗೋಧಿಹಿಟ್ಟನ್ನು ಬೆರೆಸಿರುವುದುಂಟು.