ಸುತ್ತಲೂ ಬಯಲು, ನಡುವೆ ನೋಡುಗ

ಚಿದ್ರಿಯ ಹೊರಗೆ ಹೊಲದ ಬದುವಿನ ಮೇಲೆ ನಿಂತರೆ ಬೀದರಿನ ಬಯಲು ಎದುರಿಗಷ್ಟೇ ಅಲ್ಲ, ಬೆನ್ನಿಗೂ ಇರುತ್ತದೆ. ಶ್ರಾವಣದಲ್ಲಿ ಕೆಂಪು ಮಸಾರಿಯ ಮೇಲೆ ಉದ್ದಿನದೊಂದು ಹಸಿರು, ಸೋಯಾದ್ದೊಂದು, ತೊಗರಿಯದು ಮತ್ತೊಂದು. ಮೇಲೆ ಜೋತುಬಿದ್ದ ಮೋಡ. ಆಗಾಗ ಅದನ್ನು ಸೀಳಿಕೊಂಡು ಹೋಗುವ ವಾಯುಪಡೆಯ ವಿಮಾನದ ಸದ್ದು. ಇಷ್ಟನ್ನೂ ಒಂದು ಚೌಕಟ್ಟಿಗೆ ತುರುಕಿದರೆ ಉಳಿಯುವುದು ಒಂದು ಪಟ್ಟಿ ಆಕಾಶ, ಒಂದು ಪಟ್ಟಿ ನೆಲ. ಬಯಲಿನ ಫೋಟೊ ನೋಡುಗನನ್ನು ಸುತ್ತುವರಿಯಬೇಕು.

ಅಂಥದೊಂದು ಗ್ಯಾಲರಿಯನ್ನು ಕಣ್ಮುಂದೆ ತಂದುಕೊಳ್ಳಿ. ದುಂಡು ಗೋಡೆ, ಅದರ ತುಂಬ ಒಂದೇ ಚಿತ್ರ. ಟ್ರೈಪಾಡ್ ಮೇಲೆ ಕ್ಯಾಮೆರಾವನ್ನು ಮಟ್ಟ ತಪ್ಪದಂತೆ ತಿರುಗಿಸುತ್ತ, ಒಂದು ಫೋಟೊದ ಅಂಚು ಮುಂದಿನದರಲ್ಲೂ ಬರುವಂತೆ ತೆಗೆದು, ಕಂಪ್ಯೂಟರಿನಲ್ಲಿ ಬೆಸೆದದ್ದು. ದೀಪ ಪ್ರತಿಫಲಿಸದಂತೆ ಹೊಳಪಿಲ್ಲದ ಕಾಗದ. ದಿಗಂತದ ಗೆರೆ ಸರಿಯಾಗಿ ಕಣ್ಣಿನ ಎತ್ತರಕ್ಕೆ. ಅದು ತಪ್ಪಿದರೆ ನಿಂತ ನೆಲವನ್ನು ಕಾಲು ನಂಬುವುದಿಲ್ಲ. ಬದುವಿನ ಮೇಲೆಯೇ ಧ್ವನಿಮುದ್ರಿಸಿಕೊಂಡ ಗಾಳಿಯ ಸದ್ದು. ಒಳಗೆ ಬರಲು ಕತ್ತಲಿನ ಓಣಿ. ಝರಣಿ ನರಸಿಂಹನ ಗುಹೆಯಲ್ಲಿ ನೀರು ಹಾಯ್ದು ದರ್ಶನ ಮಾಡಿದವರಿಗೆ ಅಂಥ ದಾರಿಯ ಬಲ ಗೊತ್ತು. ಲಂಡನ್ನಿನಲ್ಲಿ ರಾಬರ್ಟ್ ಬಾರ್ಕರ್ 1793ರಲ್ಲಿ ತೆರೆದ ಪನೋರಮಾ ಭವನದಲ್ಲೂ ಜನ ಕತ್ತಲು ದಾಟಿಯೇ ಚಿತ್ರದ ನಡುವಿಗೆ ಬರುತ್ತಿದ್ದರು.

ಅದೇ ಲಂಡನ್ನಿನಲ್ಲಿ 1800ರಲ್ಲಿ ರಾಬರ್ಟ್ ಕೆರ್ ಪೋರ್ಟರ್ ಶ್ರೀರಂಗಪಟ್ಟಣದ ಪತನವನ್ನು ಸುಮಾರು 120 ಅಡಿ ಉದ್ದದ ಕ್ಯಾನ್ವಾಸಿನ ಮೇಲೆ ಬರೆದು ಪ್ರದರ್ಶನಕ್ಕಿಟ್ಟ. ಆತ ಕಾವೇರಿಯನ್ನು ಕಂಡವನೇ ಅಲ್ಲ. ನಮ್ಮ ನೆಲ ಅಲ್ಲಿ ಗೆದ್ದವರ ಸಂಭ್ರಮದ ಹಿನ್ನೆಲೆಯಾಯಿತು. ಬೀದರಿನ ಬಯಲನ್ನು ತೋರಿಸಬೇಕಾದವರು ಅದರಲ್ಲಿ ಓಡಾಡಿದವರು.

ಚಿತ್ರದ ನಡುವೆ ನಿಲ್ಲುವ ಅನುಭವ ಈ ಊರಿಗೆ ಹೊಸದಲ್ಲ. ಅಷ್ಟೂರಿನಲ್ಲಿರುವ, 15ನೇ ಶತಮಾನದ ಅಹಮದ್ ಷಾ ವಲಿಯ ಗೋರಿಯೊಳಗೆ ಗೋಡೆಯಿಂದ ಗುಮ್ಮಟದ ನೆತ್ತಿಯವರೆಗೂ ಬಣ್ಣ, ಬಂಗಾರದ ಅಕ್ಷರ. ಅಲ್ಲಿ ಕಣ್ಣು ತಾನಾಗಿಯೇ ಸುತ್ತು ಹಾಕುತ್ತದೆ.

ನಮ್ಮ ಗ್ಯಾಲರಿಯ ಒಂದು ಕೋಣೆ ಚಿದ್ರಿಯ ಕೆಂಪಿಗಿರಲಿ. ಅಲ್ಲಿನ ಕೆಂಪು ಕಲ್ಲು ಮಳೆ ಹೀರಿ, ಅಡಿಯ ಕರಿಕಲ್ಲಿನ ಮೇಲೆ ನೀರು ತಂಗುವಂತೆ ಮಾಡುತ್ತದೆ. ನೌಬಾದಿನ ಸುರಂಗ ಬಾವಿ ಹಿಡಿದಿಟ್ಟದ್ದು ಆ ನೀರನ್ನೇ. ಇನ್ನೊಂದು ಕೋಣೆ ಭಾಲ್ಕಿ, ಔರಾದ್ ಕಡೆಯ ಎರೆಹೊಲಕ್ಕೆ, ಹಿಂಗಾರಿಯ ಜೋಳ ತೆನೆಗಟ್ಟಿದ ಹೊತ್ತಿಗೆ.

ಕೋಟೆಯ, ಮದರಸಾದ ಫೋಟೊಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವುಗಳನ್ನು ಹೊತ್ತು ನಿಂತ ಬಯಲಿಗೆ ಇನ್ನಾದರೂ ಕ್ಯಾಮೆರಾ ತಿರುಗಲಿ. ಬೀದರಿನ ಛಾಯಾಗ್ರಾಹಕರೇ, ಕಲಾ ಶಿಕ್ಷಕರೇ, ಹೊಲಗಳು ಸೈಟುಗಳಾಗುವ ಮೊದಲು ಈ ಕೆಲಸಕ್ಕೆ ಕೈಹಾಕಿ. ಮೊದಲ ಪ್ರದರ್ಶನ ಬೀದರಿನಲ್ಲೇ ನಡೆಯಲಿ.