ಕಣದಲ್ಲಿ ಕಾಯುವುದು

ನಮ್ಮ ಹಿರಿಯರು ಗಾದೆಗಳನ್ನು ಕಟ್ಟುವಾಗ ಒಬ್ಬರನ್ನೊಬ್ಬರು ಕೇಳಿಕೊಂಡಂತೆ ತೋರುವುದಿಲ್ಲ. ‘ತಾಳಿದವನು ಬಾಳಿಯಾನು’ ಎಂದರು ಒಬ್ಬರು. ‘ಗಾಳಿ ಬಂದಾಗ ತೂರಿಕೋ’ ಎಂದರು ಇನ್ನೊಬ್ಬರು. ಮೊದಲನೆಯದನ್ನು ನಂಬಿ ಜಗಲಿಯ ಮೇಲೆ ಕುಳಿತವನನ್ನು ಎರಡನೆಯದು ಸೋಮಾರಿಯೆಂದು ಹಳಿಯುತ್ತದೆ. ಎರಡನೆಯದನ್ನು ನಂಬಿ ಎದ್ದು ಓಡಿದವನನ್ನು ಮೊದಲನೆಯದು ಆತುರಗಾರನೆಂದು ನಗುತ್ತದೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕನ್ನಡದ ಮೇಷ್ಟರಾಗಿದ್ದು, ಈ ಎರಡು ಗಾದೆಗಳನ್ನೂ ನಾನು ಮಕ್ಕಳಿಂದ ‘ವಿಸ್ತರಿಸಿ ಬರೆಯಿರಿ’ ಎಂದು ಬರೆಯಿಸಿದ್ದೇನೆ. ಎರಡಕ್ಕೂ ಒಂದೇ ಧಾರಾಳದಿಂದ ಅಂಕಗಳನ್ನು ಕೊಟ್ಟಿದ್ದೇನೆ. ಆದರೆ ಇವುಗಳ ವ್ಯಾಜ್ಯವನ್ನು ತೀರ್ಮಾನಿಸಲು ನಾನು ಯತ್ನಿಸಿದ್ದು ತರಗತಿಯಲ್ಲಲ್ಲ, ಕಬಡ್ಡಿಯ ಕಣದಲ್ಲಿ. ಎರಡು ಬಾರಿ ಯತ್ನಿಸಿದೆ. ಎರಡು ಬಾರಿಯೂ ಸೋತೆ.

ದೊಡ್ಡಬಳ್ಳಾಪುರದ ಸೀಮೆಯಲ್ಲಿ ಹುಟ್ಟಿದ ನನ್ನ ವಯಸ್ಸಿನವರಿಗೆ ‘ಕಣ’ವೆಂದೊಡನೆ ಮೊದಲು ನೆನಪಾಗುವುದು ರಾಗಿ. ಪೇಟೆಯೊಳಗೆ ಮಗ್ಗದ ಸದ್ದು ಹಗಲಿರುಳು ನಿಲ್ಲದಿದ್ದರೂ, ಅದರ ಅಂಚನ್ನು ದಾಟಿದರೆ ಆಗ ಕಣ್ಣಿಗೆ ಬೀಳುತ್ತಿದ್ದುದು ರಾಗಿಯ ಹೊಲವೇ. ಸುಗ್ಗಿ ಬಂತೆಂದರೆ ಹೊಲದ ಒಂದು ಮಗ್ಗುಲನ್ನು ಕೆರೆದು, ನೀರು ಚಿಮುಕಿಸಿ, ತುಳಿದು ಗಟ್ಟಿಮಾಡಿ, ಸಗಣಿಯಿಂದ ಸಾರಿಸಿ ಕಣ ಮಾಡುವರು. ಮೆದೆ ಕಿತ್ತು ತೆನೆ ಹರಡಿ, ಎತ್ತುಗಳಿಂದ ರೋಣಗಲ್ಲು ಎಳೆಸಿ, ತೂರಿ, ರಾಶಿಮಾಡಿ, ರಾಗಿ ಮನೆ ಸೇರಿತೆಂದರೆ ಮರುದಿನದಿಂದ ಆ ಕಣ ಹುಡುಗರ ಪಾಲು. ಒಲೆಯ ಬೂದಿ ತಂದು ಗೆರೆ ಎಳೆದರೆ ಅದೇ ಕಬಡ್ಡಿಯ ಕಣ. ದುಡಿಮೆಗೂ ಹೋರಾಟಕ್ಕೂ ಒಂದೇ ಮಾತು ಒದಗಿಬಂದದ್ದು ಕನ್ನಡದ ಔದಾರ್ಯವೆಂದು ಅಂದು ತಿಳಿದಿದ್ದೆ. ಅದರಲ್ಲಿ ಒಂದು ಪಾಠವೂ ಇತ್ತೆಂಬುದು ತಿಳಿದದ್ದು ಬಹಳ ತಡವಾಗಿ.

ಆಟವನ್ನು ಅರಿಯದ ಓದುಗರಿಗಾಗಿ ಎರಡು ಮಾತು. ತಮಿಳರು ಚಡುಗುಡು ಎಂದೂ, ಮರಾಠಿಗರು ಹುತುತು ಎಂದೂ, ಬಂಗಾಳಿಗಳು ಹಾಡುಡು ಎಂದೂ ಕರೆದುಕೊಂಡು ಬಂದ ಆಟ ಇದೇ. ಪಕ್ಷಕ್ಕೆ ಏಳು ಜನ. ಹಿರಿಯ ಗಂಡಸರ ಅಂಕಣ ೧೩ ಮೀಟರ್ ಉದ್ದ, ೧೦ ಮೀಟರ್ ಅಗಲ. ನಡುವೆ ಒಂದು ಗೆರೆ. ದಾಳಿಗೆ ಹೋದವನು ‘ಕಬಡ್ಡಿ, ಕಬಡ್ಡಿ’ ಎನ್ನುತ್ತ ಒಂದೇ ಉಸಿರಿನಲ್ಲಿ ಎದುರಾಳಿಯ ನೆಲಕ್ಕೆ ಹೋಗಿ ಹಿಂದಿರುಗಬೇಕು. ನಡುಗೆರೆಯಿಂದ ೩.೭೫ ಮೀಟರ್ ಆಚೆ ಬಾಕ್ ಗೆರೆ ಎಂಬುದೊಂದಿದೆ. ಅದನ್ನು ದಾಟಿ ಬಂದರೆ, ಯಾರನ್ನೂ ಮುಟ್ಟದಿದ್ದರೂ ದಾಳಿ ಸಿಂಧುವಾಗುತ್ತದೆ. ಅಂಕ ಮಾತ್ರ ಇಲ್ಲ. ಮುಟ್ಟಿ ಬಂದರೆ ಮುಟ್ಟಿಸಿಕೊಂಡವರೆಲ್ಲ ಹೊರಗೆ. ಹಿಡಿದುಬಿಟ್ಟರೆ ದಾಳಿಗಾರನೇ ಹೊರಗೆ. ಆದುದರಿಂದ ಗೆರೆ ದಾಟಿದ ಪ್ರತಿಯೊಬ್ಬನ ಎದುರಿಗೂ ಪ್ರತಿ ಸಲವೂ ಅದೇ ಪ್ರಶ್ನೆ ನಿಂತಿರುತ್ತದೆ: ಬರಿಗೈಯಲ್ಲಿ ಹಿಂದಿರುಗುವುದೇ, ಇಲ್ಲವೇ ಕೈ ಚಾಚುವುದೇ?

೧೯೭೮ರ ಬೇಸಗೆಯಲ್ಲಿ ಆ ಪ್ರಶ್ನೆ ನನ್ನ ಎದುರಿಗೆ ನಿಂತಿತು. ನೆರೆಯೂರಿನ ಜಾತ್ರೆಯ ಪಂದ್ಯ; ಗೆದ್ದವರಿಗೆ ಒಂದು ಹಿತ್ತಾಳೆಯ ಬಿಂದಿಗೆ. ನಮ್ಮ ನಾಯಕ ಮಗ್ಗದ ಮನೆಯಲ್ಲಿ ದುಡಿಯುತ್ತಿದ್ದವನು, ನನಗಿಂತ ಏಳೆಂಟು ವರ್ಷ ದೊಡ್ಡವನು. ನಾವೆಲ್ಲ ಅವನನ್ನು ಅಣ್ಣ ಎನ್ನುತ್ತಿದ್ದೆವು. ಒಂದಂಕದಿಂದ ಮುಂದಿದ್ದೆವು. ಉಳಿದಿದ್ದುದು ಒಂದೇ ದಾಳಿ, ಅದು ನನ್ನದು. ಅಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟು, ‘‘ಗೆರೆ ತುಳ್ದು ವಾಪಸ್ ಬಾರಪ್ಪ, ಸಾಕು’’ ಎಂದ.

ಗೆರೆ ತುಳಿದೆ. ಹಿಂದಿರುಗುವುದಷ್ಟೇ ಬಾಕಿ. ಆಗ ಎಡಮೂಲೆಯ ಆಟಗಾರನ ಪಾದ ಒಂದು ಗೇಣು ಮುಂದೆ ಬಂದಿದ್ದುದು ಕಣ್ಣಿಗೆ ಬಿತ್ತು. ಸುತ್ತ ನಿಂತ ಜನ ಕೂಗುತ್ತಿದ್ದರು. ಆ ಕೂಗೆಲ್ಲ ನನಗಾಗಿಯೇ ಎಂದು ಹತ್ತೊಂಬತ್ತರ ಹುಡುಗನಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ಕಾಲು ಚಾಚಿದೆ. ಅವನು ಆ ಪಾದವನ್ನು ಬೇಕೆಂದೇ ಮುಂದಿಟ್ಟಿದ್ದನೆಂಬುದು, ನನ್ನ ಕಣಕಾಲು ಅವನ ಎರಡು ಕೈಗಳ ನಡುವೆ ಸಿಕ್ಕಿಬಿದ್ದ ಮೇಲೆ ತಿಳಿಯಿತು. ಅಂಕ ಸಮನಾಯಿತು. ಮುಂದುವರಿಸಿ ಆಡಿಸಿದ ಹೆಚ್ಚಿನ ಹೊತ್ತಿನಲ್ಲಿ ಸೋತೆವು. ಅಣ್ಣ ಬೈಯಲಿಲ್ಲ. ಊರಿಗೆ ನಡೆದು ಬರುವ ದಾರಿಯಲ್ಲಿ ಒಂದೇ ಮಾತು ಆಡಿದ: ‘‘ಒಳಗ್ ಹೋದ್ಮೇಲೆ ನಿನ್ನ ಉಸಿರು ನಿಂದಲ್ಲ ಕಣಪ್ಪ, ಏಳು ಜನದ್ದು.’’

ಆ ಮಾತು ನನ್ನನ್ನು ತಾಳ್ಮೆಯ ಪಂಥಕ್ಕೆ ಸೇರಿಸಿತು. ಹೊಸದಾಗಿ ಪಂಥ ಸೇರಿದವನ ಉತ್ಸಾಹ ಹುಟ್ಟು ಭಕ್ತನಿಗೆ ಇರುವುದಿಲ್ಲ. ಹೈಸ್ಕೂಲಿನ ಮೇಷ್ಟರಾದ ಮೇಲೆ, ಶಾಲೆಯಲ್ಲಿ ಆಟದ ಮೇಷ್ಟರ ಹುದ್ದೆ ಖಾಲಿ ಬಿದ್ದಾಗಲೆಲ್ಲ ಕಬಡ್ಡಿಯ ಹುಡುಗರು ನನ್ನ ಪಾಲಿಗೆ ಬರುತ್ತಿದ್ದರು. ಅವರಿಗೆ ನಾನು ಕಲಿಸಿದ್ದು ಒಂದೇ ವ್ಯಾಕರಣ: ಕಾಯಿರಿ. ಎದುರಾಳಿ ತಪ್ಪುವವರೆಗೆ ಕಾಯಿರಿ. ಗೆರೆ ತುಳಿದು ಬನ್ನಿ.

ಅಷ್ಟರಲ್ಲಿ ಆಟದ ನಿಯಮಗಳೇ ಬದಲಾಗತೊಡಗಿದ್ದವು. ನಿಯಮ ಬದಲಾದರೆ ಸಾಹಸದ ಬೆಲೆಯೂ ಬದಲಾಗುತ್ತದೆ. ಕಬಡ್ಡಿಯ ಹಳೆಯ ಪದ್ಧತಿಗಳನ್ನು ನೋಡಿದರೆ ಇದು ಸ್ಪಷ್ಟ. ಅಮರ ಪದ್ಧತಿಯಲ್ಲಿ ಔಟಾದವನು ಹೊರಗೆ ಹೋಗಬೇಕಾಗಿರಲಿಲ್ಲ, ಎದುರಾಳಿಗೆ ಅಂಕ ಮಾತ್ರ. ಅಲ್ಲಿ ಸಾಹಸ ಅಗ್ಗ. ಗಾಮಿನಿ ಪದ್ಧತಿಯಲ್ಲಿ ಹೊರಗೆ ಹೋದವನು ತನ್ನ ಪಕ್ಷದವರೆಲ್ಲ ಔಟಾಗುವವರೆಗೆ ಒಳಗೆ ಬರುವಂತಿರಲಿಲ್ಲ. ಅಲ್ಲಿ ಸಾಹಸ ಬಲು ದುಬಾರಿ. ಈಗ ಎಲ್ಲೆಡೆ ನಡೆಯುವ ಸಂಜೀವಿನಿ ಪದ್ಧತಿ ಇವೆರಡರ ನಡುವಿನದು: ಎದುರಾಳಿಯೊಬ್ಬ ಔಟಾದರೆ ನಮ್ಮವನೊಬ್ಬ ಮರಳಿ ಜೀವ ಪಡೆಯುತ್ತಾನೆ. ೨೦೧೪ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದಾಗ ಈ ಬೆಲೆಪಟ್ಟಿಗೆ ಹೊಸದೊಂದು ಸಾಲು ಸೇರಿತು. ದಾಳಿಗೆ ೩೦ ಸೆಕೆಂಡು ಮಾತ್ರ. ಒಂದು ಪಕ್ಷ ಎರಡು ಬಾರಿ ಬರಿಗೈಯಲ್ಲಿ ಹಿಂದಿರುಗಿದರೆ ಮೂರನೆಯ ದಾಳಿ ‘ಮಾಡು ಇಲ್ಲವೇ ಮಡಿ’; ಆಗ ಅಂಕ ತರದವನು ಔಟು.

ಕಾಯುವವರನ್ನು ನೋಡಲು ಜನ ಹಣ ಕೊಡುವುದಿಲ್ಲವೆಂಬ ಸತ್ಯವನ್ನು ಕಂಡುಕೊಂಡವರಲ್ಲಿ ನಾವೇ ಮೊದಲಿಗರಲ್ಲ. ಇಂಗ್ಲೆಂಡಿನ ಉತ್ತರದಲ್ಲಿ ೧೮೯೫ರಲ್ಲಿ ಕವಲೊಡೆದು ಆಸ್ಟ್ರೇಲಿಯದಲ್ಲಿ ಬೆಳೆದ ರಗ್ಬಿ ಲೀಗ್ ಎಂಬ ಆಟವಿದೆ. ಅಲ್ಲಿಯೂ ಹಿಡಿದು ಕೆಡವುವುದೇ ಮುಖ್ಯ. ಆದರೆ ಚೆಂಡು ಹಿಡಿದವನನ್ನು ಎಷ್ಟು ಬಾರಿ ಕೆಡವಿದರೂ ಚೆಂಡು ಅವನ ತಂಡದಲ್ಲೇ ಉಳಿಯುತ್ತಿತ್ತು. ಆದುದರಿಂದ ಚೆಂಡನ್ನು ಬಿಟ್ಟುಕೊಡದೆ ಅಂಗುಲ ಅಂಗುಲವಾಗಿ ಸರಿಯುವ ತಾಳ್ಮೆಗೆ ಅಲ್ಲಿ ಕೊನೆಯೇ ಇರಲಿಲ್ಲ. ಸಿಡ್ನಿಯ ಸೇಂಟ್ ಜಾರ್ಜ್ ತಂಡ ೧೯೫೬ರಿಂದ ೧೯೬೬ರವರೆಗೆ ಸತತವಾಗಿ ೧೧ ವರ್ಷ ಪ್ರಶಸ್ತಿಯನ್ನು ಗೆದ್ದದ್ದು ಆ ಕಾಲದಲ್ಲೇ. ೧೯೬೭ರಲ್ಲಿ ಅಲ್ಲಿ ನಾಲ್ಕು ಬಾರಿ ಕೆಡವಿಸಿಕೊಳ್ಳುವುದೇ ಮಿತಿಯೆಂಬ ನಿಯಮ ಬಂತು. ಸೇಂಟ್ ಜಾರ್ಜಿನ ಸರಣಿ ಅದೇ ವರ್ಷ ಮುರಿಯಿತು. ನಾಲ್ಕು ತೀರ ಅವಸರವೆಂದು ಕಂಡಿರಬೇಕು; ೧೯೭೧ರಲ್ಲಿ ಅದನ್ನು ಆರು ಮಾಡಿದರು. ತಾಳ್ಮೆಗೆ ಎಷ್ಟು ಜಾಗ ಬಿಡಬೇಕು ಎಂಬ ಲೆಕ್ಕವನ್ನು ಲೋಕದ ಎರಡು ಮೂಲೆಗಳಲ್ಲಿ ಹೀಗೆ ಬೇರೆ ಬೇರೆಯಾಗಿ ಹಾಕಿಕೊಂಡು ಬಂದಿದ್ದಾರೆ.

ನಾನು ಮಾತ್ರ ನನ್ನ ಹಳೆಯ ಲೆಕ್ಕವನ್ನು ಬಿಡಲಿಲ್ಲ. ೨೦೧೭ರಲ್ಲಿ ನನ್ನ ತಂಡದಲ್ಲಿ ಒಬ್ಬ ಹುಡುಗನಿದ್ದ. ಹತ್ತನೆಯ ತರಗತಿ, ನೇಕಾರರ ಮನೆಯವನು. ಮೈಯಲ್ಲಿ ಮಾಂಸವಿರಲಿಲ್ಲ, ಕಾಲಿನಲ್ಲಿ ಮಾತ್ರ ಲಾಳಿಯ ವೇಗವಿತ್ತು. ಜಿಲ್ಲಾ ಮಟ್ಟದ ಪಂದ್ಯದಲ್ಲಿ ಚೆನ್ನಾಗಿ ಆಡಿದರೆ ಮುಂದಿನ ಹಂತಕ್ಕೆ ಆಯ್ಕೆಯಾಗುವ ಆಸೆ ಅವನಿಗಿತ್ತು. ಶಾಲೆಯ ಹುಡುಗನಾಗಿ ಅದು ಅವನ ಕೊನೆಯ ವರ್ಷ. ಆ ಪಂದ್ಯಾವಳಿಯಲ್ಲಿಯೂ ಮೂರನೆಯ ದಾಳಿಯ ನಿಯಮವನ್ನು ಅನುಸರಿಸುತ್ತಿದ್ದರು.

ಉಪಾಂತ್ಯದ ಪಂದ್ಯ. ಎರಡಂಕದಿಂದ ಹಿಂದಿದ್ದೆವು, ಹೊತ್ತು ಇನ್ನೂ ಇತ್ತು. ಹುಡುಗ ಸರಣಿಯ ಮೊದಲನೆಯ ದಾಳಿಗೆ ಹೋದ. ಬಲಮೂಲೆಯವನು ಉಸಿರು ಸರಿಮಾಡಿಕೊಳ್ಳುತ್ತ ಒಂದು ಕ್ಷಣ ತನ್ನ ಭಾರವನ್ನು ಹಿಂಗಾಲಿಗೆ ಬಿಟ್ಟ. ನಾನು ಕಂಡೆ, ಹುಡುಗನೂ ಕಂಡ. ಕಂಡವನು ನನ್ನ ಕಡೆ ನೋಡಿದ. ನಾನು ಅಂಗೈಯನ್ನು ಕೆಳಗೆ ಮಾಡಿ ಸನ್ನೆಮಾಡಿದೆ: ತಡೆ. ಅವನು ಗೆರೆ ತುಳಿದು ಹಿಂದೆ ಬಂದ. ನಮ್ಮವರ ಎರಡನೆಯ ದಾಳಿಯೂ ಹಾಗೆಯೇ ಮುಗಿಯಿತು. ಮೂರನೆಯದಕ್ಕೆ ಅವನೇ ಹೋಗಬೇಕಾಯಿತು. ಈ ಬಾರಿ ಎದುರಿನ ಯಾರೂ ಹಿಂಗಾಲಿನ ಮೇಲೆ ನಿಂತಿರಲಿಲ್ಲ. ಅವನು ಮುಟ್ಟಲೇಬೇಕೆಂದು ಅವನಿಗಿಂತ ಮೊದಲು ಅವರಿಗೆ ತಿಳಿದಿತ್ತು. ಕೈ ಕೈ ಹಿಡಿದು ಸರಪಳಿಯಾಗಿ ಬಂದು ಮುಚ್ಚಿದರು. ಆ ದಿನ ಇದೇ ಆಟ ಇನ್ನೂ ಎರಡು ಬಾರಿ ನಡೆಯಿತು. ಸೋತೆವು. ಹುಡುಗ ಆಯ್ಕೆಯಾಗಲಿಲ್ಲ. ಪರೀಕ್ಷೆ ಮುಗಿಸಿ, ಕೆಲವು ಕಾಲ ಮಗ್ಗದ ಮುಂದೆ ಕುಳಿತು, ಆಮೇಲೆ ಒಂದು ಕಾರ್ಖಾನೆಗೆ ಸೇರಿದನೆಂದು ಕೇಳಿದೆ.

ಆ ಸೋಲನ್ನು ನಾನು ಅದೃಷ್ಟದ ಲೆಕ್ಕಕ್ಕೆ ಬರೆದು ಸುಮ್ಮನಿದ್ದೆ. ನಿವೃತ್ತನಾದ ಮೇಲೆ ಬಿಡುವು ಹೆಚ್ಚಾಗಿ, ದೊಡ್ಡವರ ಆಟವನ್ನು ದೂರದರ್ಶನದ ಪರದೆಯ ಮೇಲೆ ನೋಡುವ ಚಟ ಹತ್ತಿತು. ಎರಡು ಅಂತಿಮ ಪಂದ್ಯಗಳು ನನ್ನನ್ನು ಬಹಳ ಕಾಡಿವೆ. ೨೦೧೯ರ ಜನವರಿ ೫ರಂದು ಮುಂಬಯಿಯಲ್ಲಿ ಬೆಂಗಳೂರು ಬುಲ್ಸ್ ತಂಡ ಗುಜರಾತ್ ತಂಡವನ್ನು ೩೮-೩೩ರಿಂದ ಸೋಲಿಸಿತು. ಮೊದಲರ್ಧದಲ್ಲಿ ಹಿಂದೆ ಬಿದ್ದಿದ್ದ ತಂಡವನ್ನು ಎತ್ತಿದವನು ಪವನ್ ಸೆಹ್ರಾವತ್; ೩೮ರಲ್ಲಿ ೨೨ ಅಂಕ ಅವನೊಬ್ಬನವು. ಅದು ಸಾಹಸದ ಗೆಲುವೆಂದು ಮಗುವೂ ಹೇಳೀತು. ೨೦೨೪ರ ಮಾರ್ಚ್ ೧ರಂದು ಹೈದರಾಬಾದಿನಲ್ಲಿ ಪುಣೇರಿ ಪಲ್ಟನ್ ಹರಿಯಾಣವನ್ನು ೨೮-೨೫ರಿಂದ ಗೆದ್ದಾಗ ತರಬೇತುದಾರರಾಗಿದ್ದವರು ನಮ್ಮವರೇ ಆದ ಬಿ. ಸಿ. ರಮೇಶ್, ಆಟಗಾರರಾಗಿ ಅರ್ಜುನ ಪ್ರಶಸ್ತಿ ಪಡೆದವರು, ೨೦೧೯ರಲ್ಲಿ ಬಂಗಾಳದ ತಂಡವನ್ನೂ ಇದೇ ಪ್ರಶಸ್ತಿಗೆ ಒಯ್ದವರು. ಅಂಕ ಕಡಮೆ, ಬಿಗಿಯಾದ ಕಾವಲು: ಇಗೋ ನನ್ನ ತಾಳ್ಮೆಯ ಪಂಥಕ್ಕೆ ಸಾಕ್ಷಿ ಸಿಕ್ಕಿತೆಂದು ನಾನು ಹಿಗ್ಗಿದೆ. ಆದರೆ ಆ ತಾಳ್ಮೆಯ ಪಂದ್ಯವನ್ನು ತಿರುಗಿಸಿದ್ದು ಮೊದಲರ್ಧ ಮುಗಿಯುವ ಹೊತ್ತಿಗೆ ಪಂಕಜ್ ಮೋಹಿತೆ ಒಂದೇ ದಾಳಿಯಲ್ಲಿ ತಂದ ನಾಲ್ಕು ಅಂಕ. ಸಾಕ್ಷಿ ಎದುರುಪಕ್ಷದ ಪರವಾಗಿಯೂ ನುಡಿದಿತ್ತು.

ಕಳೆದ ಸುಗ್ಗಿಯ ದಿನಗಳಲ್ಲಿ ಆ ಹುಡುಗನನ್ನು ಮತ್ತೆ ಕಂಡೆ. ಈಗ ಅವನನ್ನು ಹುಡುಗನೆನ್ನುವಂತಿಲ್ಲ. ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ, ಭಾನುವಾರದ ಬೆಳಗ್ಗೆ ಹತ್ತು ಹದಿನೈದು ಮಕ್ಕಳಿಗೆ ಕಬಡ್ಡಿ ಹೇಳಿಕೊಡುತ್ತಿದ್ದಾನೆ. ಕಣಗಳು ಈಗ ವಿರಳ. ರಾಗಿಯನ್ನು ಯಂತ್ರ ಒಕ್ಕುತ್ತದೆ, ಇಲ್ಲವೇ ಟಾರು ರಸ್ತೆಯ ಮೇಲೆ ಹರಡಿ ವಾಹನಗಳ ಚಕ್ರಕ್ಕೆ ಒಪ್ಪಿಸುತ್ತಾರೆ. ಹೊಸ ಬಡಾವಣೆಯೊಂದರ ಮಾರಾಟವಾಗದ ನಿವೇಶನವೇ ಅವರ ಅಂಕಣ. ನಾನು ಬದಿಯ ಕಲ್ಲಿನ ಮೇಲೆ ಕುಳಿತು ನೋಡಿದೆ. ಮಾತು ಹಳೆಯ ಪಂದ್ಯಕ್ಕೆ ಬಂತು. ನನ್ನ ಸನ್ನೆಯಿಂದ ಅವನ ಆಯ್ಕೆ ತಪ್ಪಿತೆಂಬ ಮಾತನ್ನು ಕೊನೆಗೂ ಬಾಯಿ ಬಿಟ್ಟು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘‘ಕಾಯಿ ಅಂದಿದ್ದು ತಪ್ಪಲ್ಲ ಸಾರ್’’ ಎಂದ. ‘‘ಏನಕ್ಕೆ ಕಾಯ್ಬೇಕು ಅಂತ ನೀವು ಹೇಳ್ಲಿಲ್ಲ.’’

ಮನೆಗೆ ಬರುವಾಗ ನನಗೆ ನಮ್ಮ ತಂದೆಯವರು ರಾಗಿ ತೂರುತ್ತಿದ್ದುದು ನೆನಪಾಯಿತು. ಗಾಳಿ ಬಿದ್ದ ಮಧ್ಯಾಹ್ನಗಳಲ್ಲಿ ಅವರು ಗಂಟೆಗಟ್ಟಲೆ ಕಾಯುತ್ತಿದ್ದರು. ಆದರೆ ನೆರಳಿನಲ್ಲಿ ಕುಳಿತು ಕಾದವರಲ್ಲ. ಕಣದ ನಡುವೆ ನಿಂತು, ತುಂಬಿದ ಮೊರವನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಕೆನ್ನೆಯನ್ನು ಪಡುವಣಕ್ಕೆ ಒಡ್ಡಿ ಕಾಯುತ್ತಿದ್ದರು. ಒಂದು ಸುಳಿ ಬೀಸಿದರೆ ಸಾಕು, ಮೊರ ಮೇಲೇಳುತ್ತಿತ್ತು. ಮೊರವನ್ನು ನೆಲದ ಮೇಲಿಟ್ಟವನಿಗೆ ಬಗ್ಗಿ ಎತ್ತುವಷ್ಟರಲ್ಲಿ ಗಾಳಿ ಕಳೆದುಹೋಗಿರುತ್ತದೆ. ಗಾಳಿಯಿಲ್ಲದಾಗ ತೂರಿದವನಿಗೆ ಹೊಟ್ಟು ತಲೆಯ ಮೇಲೆಯೇ ಬೀಳುತ್ತದೆ. ೧೯೭೮ರಲ್ಲಿ ನಾನು ಮಾಡಿದ್ದು ಅದು. ೨೦೧೭ರಲ್ಲಿ ಗಾಳಿ ಬಂದಿತ್ತು, ಮೊರವನ್ನು ಎತ್ತಿ ಹಿಡಿದಿದ್ದ ಹುಡುಗನೂ ಇದ್ದ. ಇಳಿಸು ಎಂದವನು ನಾನು. ಎರಡು ಗಾದೆಗಳೂ ಒಂದೇ ಕಣದಲ್ಲಿ, ಒಬ್ಬನೇ ರೈತನ ಮೈಯಲ್ಲಿ ಕೂಡಿ ಬಾಳುವುದನ್ನು ಬಾಲ್ಯದಲ್ಲೇ ಕಂಡಿದ್ದೂ, ಮಕ್ಕಳಿಗೆ ನಾನು ಅವನ್ನು ಬೇರೆ ಬೇರೆ ಪುಟಗಳಲ್ಲಿ ಬರೆಯಿಸಿದೆ.

ಈಗ ಭಾನುವಾರಗಳಂದು ನಾನೂ ಆ ನಿವೇಶನಕ್ಕೆ ಹೋಗುತ್ತೇನೆ. ಹಳೆಯ ಶಿಷ್ಯ ನನಗೆ ಅಂಕ ಬರೆಯುವ ಕೆಲಸ ಕೊಟ್ಟಿದ್ದಾನೆ. ಆಟ ನಡೆಯುವಾಗ ಕೈಸನ್ನೆ ಮಾಡಕೂಡದೆಂಬುದು ಅವನ ಷರತ್ತು.